ತಮ್ಮನ ಮದುವೆಯ ಸೂಟು: ಅಳತೆ ಬರೆದು ಕಳಿಸಿದ್ದೋ, ಮೈ ನೋಡಿ ಕತ್ತರಿಸಿದ್ದೋ?

ಪ್ರಶ್ನೆ: ನನ್ನ ತಮ್ಮನ ಮದುವೆಗೆ ಇನ್ನು ಹತ್ತು ವಾರ ಉಳಿದಿದೆ. ಆರತಕ್ಷತೆಗೆ ಸೂಟು ಹೊಲಿಸಬೇಕು. ಇಲ್ಲಿನ ಒಂದು ಶೋರೂಮಿನಲ್ಲಿ ‘ಮೇಡ್ ಟು ಮೆಷರ್’ ಎಂದು ಬಟ್ಟೆ ಸೇರಿ 19 ಸಾವಿರ ರೂಪಾಯಿ ಹೇಳಿದರು. ಮಂಡಿಪೇಟೆಯ ಕಡೆ ಕೋಟು ಹೊಲಿಯುವ ಹಿರಿಯ ಟೈಲರೊಬ್ಬರು ‘ಬೆಸ್ಪೋಕ್’ ಎಂದು 31 ಸಾವಿರ ಕೇಳುತ್ತಿದ್ದಾರೆ. ಇಬ್ಬರೂ ಅಳತೆ ತೆಗೆದೇ ಹೊಲಿಯುವಾಗ 12 ಸಾವಿರ ಹೆಚ್ಚು ಏಕೆ ಕೊಡಬೇಕು, ಅದೂ ಒಂದು ದಿನದ ಉಡುಪಿಗೆ ಎಂದು ಅಪ್ಪಾಜಿ ಕೇಳುತ್ತಾರೆ. ತಮ್ಮ ಚಿಕ್ಕವನಿದ್ದಾಗ ಹುಣಸೆಮರದಿಂದ ಬಿದ್ದು ಬಲಗಡೆಯ ಕೊರಳ ಮೂಳೆ ಮುರಿದುಕೊಂಡಿದ್ದ. ಆ ಭುಜ ಈಗಲೂ ಸ್ವಲ್ಪ ಇಳಿದಿದೆ. ಯಾವ ರೆಡಿಮೇಡ್ ಬ್ಲೇಜರೂ ಅವನಿಗೆ ಸರಿಯಾಗಿ ಕೂರುವುದಿಲ್ಲ.
– ಓದುಗರು, ವಿದ್ಯಾನಗರ, ದಾವಣಗೆರೆ

ಉತ್ತರ: ನಿಮ್ಮ ಪತ್ರದಲ್ಲಿ ನನಗೆ ಎಲ್ಲಕ್ಕಿಂತ ಮುಖ್ಯವಾಗಿ ಕಂಡದ್ದು ಆ ಹುಣಸೆಮರ. ಬೆಲೆಯ ಮಾತಿಗೆ ಆಮೇಲೆ ಬರೋಣ.

ಮೇಡ್ ಟು ಮೆಷರ್ ಎಂದರೆ ಮೊದಲೇ ಸಿದ್ಧವಿರುವ ಒಂದು ಪ್ಯಾಟರ್ನನ್ನು, ಅಂದರೆ ಬಟ್ಟೆ ಕತ್ತರಿಸುವ ಮಾದರಿ ನಕ್ಷೆಯನ್ನು, ನಿಮ್ಮ ಅಳತೆಗೆ ತಿದ್ದುವುದು. ಶೋರೂಮಿನಲ್ಲಿ 38, 40, 42ರ ಮಾದರಿ ಕೋಟುಗಳಿರುತ್ತವೆ. ಮೈಗೆ ಹತ್ತಿರವಾದದ್ದನ್ನು ತೊಡಿಸಿ, ಸಡಿಲವಿದ್ದಲ್ಲಿ ಪಿನ್ನು ಚುಚ್ಚಿ, ತೋಳು ಇಷ್ಟು ಕಡಿಮೆ, ಸೊಂಟ ಇಷ್ಟು ಬಿಗಿ ಎಂದು ಬರೆದುಕೊಳ್ಳುತ್ತಾರೆ. ಆ ಅಂಕಿಗಳು ಕಾರ್ಖಾನೆಗೆ ಹೋಗುತ್ತವೆ. ಕಂಪ್ಯೂಟರು ಪ್ಯಾಟರ್ನನ್ನು ಹಿಗ್ಗಿಸಿ ಕುಗ್ಗಿಸಿ ಕೊಡುತ್ತದೆ, ಯಂತ್ರ ಕತ್ತರಿಸುತ್ತದೆ. ಸಿದ್ಧವಾದ ಕೋಟು ಬಂದ ಮೇಲೆ ಒಮ್ಮೆ ತೊಟ್ಟು ನೋಡಿ ಸಣ್ಣಪುಟ್ಟ ತಿದ್ದುಪಡಿ ಮಾಡಿಸಬಹುದು. ಭುಜ ಸಮವಾಗಿದ್ದು, ನೆಟ್ಟಗೆ ನಿಲ್ಲುವ ಹುಡುಗನಿಗೆ ಇದು ಧಾರಾಳವಾಗಿ ಸಾಕು. ಅಂಥವರಿಗೆ 12 ಸಾವಿರ ಉಳಿಸಿಕೊಳ್ಳಿ ಎಂದೇ ನಾನು ಹೇಳುತ್ತೇನೆ.

ಬೆಸ್ಪೋಕ್‌ನಲ್ಲಿ ಸಿದ್ಧ ಪ್ಯಾಟರ್ನು ಎಂಬುದೇ ಇರುವುದಿಲ್ಲ. ಕಟಿಂಗ್ ಮಾಸ್ಟರ್ ಗಿರಾಕಿಯನ್ನು ಮುಂದಿನಿಂದ, ಹಿಂದಿನಿಂದ, ಪಕ್ಕದಿಂದ ನೋಡಿ ಅವನೊಬ್ಬನಿಗಾಗಿ ಕಾಗದದ ಮೇಲೆ ಗೆರೆ ಎಳೆಯುತ್ತಾರೆ. ಬಟ್ಟೆ ಕತ್ತರಿಸಿ, ಬಿಳಿ ನೂಲಿನಲ್ಲಿ ಕಚ್ಚಾ ಹೊಲಿಗೆ ಹಾಕಿ ತೊಡಿಸುತ್ತಾರೆ. ತಪ್ಪು ಕಂಡರೆ ನೂಲು ಕಿತ್ತು, ಬಟ್ಟೆಯನ್ನು ಮತ್ತೆ ಮೇಜಿನ ಮೇಲೆ ಹರಡಿ, ಚಾಕಿನಿಂದ ಗುರುತು ಮಾಡಿ ತಿದ್ದುತ್ತಾರೆ. ಹೀಗೆ ಎರಡು ಮೂರು ಟ್ರಯಲ್ ಆಗುತ್ತದೆ. ಲಂಡನ್ನಿನ ಸ್ಯಾವಿಲ್ ರೋ ಬೀದಿಯ ಟೈಲರುಗಳ ಸಂಘ ಒಂದು ಸೂಟಿಗೆ ಕನಿಷ್ಠ 50 ಗಂಟೆಯ ಕೈಕೆಲಸ ಇರಬೇಕು ಎನ್ನುತ್ತದೆ. ನೀವು ಹೆಚ್ಚಿಗೆ ಕೊಡುವ ಹಣ ಹೋಗುವುದು ಆ ಗಂಟೆಗಳಿಗೆ.

ಟೇಪು ಉದ್ದವನ್ನು ಹೇಳುತ್ತದೆ, ಇಳಿಜಾರನ್ನು ಹೇಳುವುದಿಲ್ಲ. ನಾನು ಇದನ್ನು ಕಲಿತದ್ದು ಕೆಲಸಕ್ಕೆ ಸೇರಿದ ಹೊಸತರಲ್ಲಿ, ಒಬ್ಬ ವಕೀಲರ ಕರಿ ಕೋಟಿನಿಂದ. ಎದೆ, ಸೊಂಟ, ಬೆನ್ನಿನ ಅಗಲ ಎಲ್ಲವನ್ನೂ ಎರಡೆರಡು ಸಲ ಅಳೆದಿದ್ದೆ. ಕೋಟು ತೊಟ್ಟಾಗ ಎಡಗಡೆ ಕತ್ತಿನ ಬುಡದಿಂದ ಕಂಕುಳಿನವರೆಗೆ ಎರಡು ಓರೆ ಸುಕ್ಕು ಎದ್ದವು, ಕಾಲರ್ ಕತ್ತಿನಿಂದ ಒಂದು ಬೆರಳು ದೂರ ನಿಂತಿತು. ಇಸ್ತ್ರಿ ಮಾಡಿದೆ, ಗುಂಡಿ ಸರಿಸಿದೆ, ಸುಕ್ಕು ಹೋಗಲಿಲ್ಲ. ನನ್ನ ಗುರುಗಳು ಬಂದು ವಕೀಲರ ಹಿಂದೆ ನಿಂತು ಎರಡೂ ಅಂಗೈಗಳನ್ನು ಅವರ ಭುಜಗಳ ಮೇಲಿಟ್ಟರು. ವರ್ಷಗಟ್ಟಲೆ ಎಡಗೈಯಲ್ಲಿ ಕಡತದ ಹೊರೆ ಹೊತ್ತು ಆ ಭುಜ ಅರ್ಧ ಇಂಚು ಇಳಿದಿತ್ತು. ಕೋಟು ಬಿಚ್ಚಿ, ಆ ಬದಿಯ ಭುಜದ ಗೆರೆಯನ್ನೂ ಕಂಕುಳಿನ ಕತ್ತರಿಯನ್ನೂ ಕೆಳಗಿಳಿಸಿ, ಒಳಗೆ ತೆಳುವಾಗಿ ಹತ್ತಿ ಕೊಟ್ಟರು. ಕಾಲರ್ ಕತ್ತಿಗೆ ಅಂಟಿ ಕೂತಿತು. ಗಿರಾಕಿಯ ಭುಜದ ಮೇಲೆ ಅಂಗೈ ಇಡದೆ ನಾನು ಅಂದಿನಿಂದ ಒಂದು ಕೋಟನ್ನೂ ಕತ್ತರಿಸಿಲ್ಲ.

ನಿಮ್ಮ ತಮ್ಮನ ಸ್ಥಿತಿಯೂ ಇದೇ. ಹಾಗಾಗಿ ಬೆಸ್ಪೋಕ್ ಮಾಡಿಸಿ ಎಂದು ನಾನು ಹೇಳುವವನು, ಆದರೆ ಆ ಪದವನ್ನು ನಂಬಿ ಅಲ್ಲ. ಬಟ್ಟೆಯ ಥಾನನ್ನು ಇಂಥವರಿಗೆ ಎಂದು ಮಾತಾಡಿ ಎತ್ತಿಡುತ್ತಿದ್ದುದರಿಂದ ಇಂಗ್ಲಿಷಿನಲ್ಲಿ ಆ ಹೆಸರು ಬಂತು ಎನ್ನುತ್ತಾರೆ. 2008ರಲ್ಲಿ ಬ್ರಿಟನ್ನಿನ ಜಾಹೀರಾತು ನಿಯಂತ್ರಣ ಸಂಸ್ಥೆಯೇ, ಸಿದ್ಧ ಪ್ಯಾಟರ್ನಿನಿಂದ ಯಂತ್ರದಲ್ಲಿ ಕತ್ತರಿಸಿದ ಸೂಟನ್ನೂ ಬೆಸ್ಪೋಕ್ ಎಂದು ಕರೆಯಲು ಅಡ್ಡಿಯಿಲ್ಲ ಎಂದು ತೀರ್ಪು ಕೊಟ್ಟಿತು. ಅಲ್ಲೇ ಹೀಗಾದರೆ ನಮ್ಮೂರಿನ ಬೋರ್ಡಿನಲ್ಲಿ ಯಾರು ಏನು ಬೇಕಾದರೂ ಬರೆಸಬಹುದು. ಮಂಡಿಪೇಟೆಯ ಆ ಹಿರಿಯರನ್ನು ಗೌರವದಿಂದಲೇ ಕೇಳಿ: ಕಾಗದದ ಪ್ಯಾಟರ್ನು ಮಾಡುತ್ತೀರಾ? ಕಚ್ಚಾ ಹೊಲಿಗೆಯ ಟ್ರಯಲ್ ಎಷ್ಟು ಸಲ? ಎರಡು ಭುಜಕ್ಕೂ ಬೇರೆ ಬೇರೆ ಕತ್ತರಿಸುತ್ತೀರಾ? ಕೋಟಿನ ಎದೆಯ ಆಕಾರ ನಿಲ್ಲಲು ಒಳಪದರವಾಗಿ ಹಾಕುವುದು ಅಂಟಿನ ಬಕ್ರಮ್ಮೋ, ಕೈಯಲ್ಲಿ ಹೊಲಿದ ಕ್ಯಾನ್ವಾಸೋ? ಮೊದಲ ಎರಡಕ್ಕೆ ಉತ್ತರ ಹಾರಿಸಿದರೆ 31 ಸಾವಿರಕ್ಕೆ ಅರ್ಥವಿಲ್ಲ. ಇಳಿದ ಭುಜಕ್ಕೆ ಪ್ರತ್ಯೇಕ ತಿದ್ದುಪಡಿ ಬರೆದುಕೊಳ್ಳುವ ಒಳ್ಳೆಯ ಶೋರೂಮುಗಳೂ ಇವೆ. ಆಗ ಅಲ್ಲಿಗೇ ಹೋಗಿ.

ಕ್ಯಾನ್ವಾಸಿನ ಮಾತು ಏಕೆಂದರೆ, ಅಂಟಿನ ಪದರ ಹಾಕಿದ ಕೋಟು ಹೊಸತರಲ್ಲಿ ಚೆನ್ನಾಗಿಯೇ ಕಾಣುತ್ತದೆ. ಡ್ರೈ ಕ್ಲೀನಿಂಗಿನ ರಾಸಾಯನಿಕಕ್ಕೂ ಇಸ್ತ್ರಿಯ ಬಿಸಿಗೂ ಅಂಟು ಬಿಟ್ಟರೆ ಎದೆಯ ಮೇಲೆ ಗುಳ್ಳೆ ಏಳುತ್ತದೆ, ಅದನ್ನು ಮತ್ತೆ ಕೂರಿಸುವುದು ಕಷ್ಟ. ಅವರೇ ಹೊಲಿದ ಬೇರೆ ಕೋಟೊಂದನ್ನು ತೋರಿಸಲು ಹೇಳಿ. ಕೆಳಗಿನ ಗುಂಡಿಯ ಹತ್ತಿರ ಹೊರಬಟ್ಟೆಯನ್ನೂ ಒಳಬಟ್ಟೆಯನ್ನೂ ಚಿವುಟಿ ಹಿಡಿದು ಬೇರೆ ಮಾಡಿ ನೋಡಿ. ನಡುವೆ ಇನ್ನೊಂದು ಪದರ ತನ್ನಷ್ಟಕ್ಕೆ ಜಾರುತ್ತಿದ್ದರೆ ಅದು ಕ್ಯಾನ್ವಾಸ್.

ಬಟ್ಟೆಯ ವಿಷಯದಲ್ಲಿ ನಮ್ಮೂರಿನ ಬಿಸಿಲನ್ನು ಮರೆಯಬೇಡಿ. ದಪ್ಪ ಟೆರಿವುಲ್ ತೊಟ್ಟು ವೇದಿಕೆಯ ದೀಪದ ಕೆಳಗೆ ನಾಲ್ಕು ಗಂಟೆ ನಿಲ್ಲುವುದು ಹಿಂಸೆ. ಒಂದು ಮೀಟರ್ ಉದ್ದಕ್ಕೆ 240ರಿಂದ 260 ಗ್ರಾಂ ತೂಗುವ, ನೇಯ್ಗೆ ಬಿಡಿಯಾಗಿರುವ ಉಣ್ಣೆಬಟ್ಟೆ ತೆಗೆದುಕೊಂಡು, ಬೆನ್ನಿಗೆ ಅರ್ಧ ಅಸ್ತರು ಮಾತ್ರ ಹಾಕಿಸಿ. 58 ಇಂಚು ಪನ್ನದ್ದಾದರೆ ಕೋಟು ಮತ್ತು ಪ್ಯಾಂಟಿಗೆ ಸುಮಾರು ಮೂರೂಕಾಲು ಮೀಟರ್ ಬೇಕು, ಹುಡುಗ ಎತ್ತರವಿದ್ದರೆ ಇನ್ನೂ ಕಾಲು ಮೀಟರ್. ಕರ್ನಾಟಕದ ಮ್ಯಾಂಚೆಸ್ಟರ್ ಎನಿಸಿಕೊಂಡಿದ್ದ ಊರು ಇದು. ಗಿರಣಿಯಲ್ಲಿ ದುಡಿದು, ಬಟ್ಟೆಯನ್ನು ಬೆರಳಲ್ಲಿ ಉಜ್ಜಿಯೇ ಗುಣ ಹೇಳುವ ಹಿರಿಯರು ಬಂಧುಬಳಗದಲ್ಲಿ ಇದ್ದರೆ ಅಂಗಡಿಗೆ ಕರೆದುಕೊಂಡು ಹೋಗಿ. ಯಾರೂ ಇಲ್ಲವೆಂದರೆ ಬಟ್ಟೆಯ ತುದಿಯನ್ನು ಮುಷ್ಟಿಯಲ್ಲಿ ಗಟ್ಟಿಯಾಗಿ ಹಿಡಿದು ಬಿಡಿ, ಒಳ್ಳೆಯ ಉಣ್ಣೆಯ ಸುಕ್ಕು ಕಣ್ಣೆದುರೇ ಬಿಚ್ಚಿಕೊಳ್ಳುತ್ತದೆ.

ಅಪ್ಪಾಜಿಗೆ ಹೀಗೆ ಹೇಳಿ. ಜರಿ ಕೆಲಸದ, ಹೊಳೆಯುವ ಸೂಟಾದರೆ ಅದು ನಿಜವಾಗಿಯೂ ಒಂದು ದಿನದ್ದು, ಅದಕ್ಕೆ 19 ಸಾವಿರವೂ ಹೆಚ್ಚು. ಕಡುನೀಲಿಯೋ ಬೂದಿಯೋ ಆದರೆ ಮುಂದಿನ ಹತ್ತು ವರ್ಷದ ಮದುವೆ, ಸಭೆಗಳಿಗೆ ಅದೇ ಆಗುತ್ತದೆ. ಬೆನ್ನಿನ ಹೊಲಿಗೆಯಲ್ಲೂ ಪ್ಯಾಂಟಿನ ಹಿಂಬದಿಯಲ್ಲೂ ಮಾರ್ಜಿನ್ ಬಿಡಿಸಿದ್ದರೆ ಮೈ ತುಂಬಿಕೊಂಡಾಗ ಬಿಚ್ಚಿಕೊಳ್ಳಬಹುದು.

ಹತ್ತು ವಾರ ಸಾಕು, ಆದರೆ ಈ ವಾರವೇ ಬಟ್ಟೆ ಕೊಡಿ. ಲಗ್ನದ ಸೀಸನ್ನಿನಲ್ಲಿ ಕೋಟು ಹೊಲಿಯುವವರಿಗೆ ಬಿಡುವಿರುವುದಿಲ್ಲ. ಕೊನೆಯ ಟ್ರಯಲನ್ನು ಮದುವೆಗೆ ಹತ್ತು ದಿನವಿರುವಾಗ ಇಟ್ಟುಕೊಳ್ಳಿ. ನೆಂಟರ ಮನೆಗಳ ಊಟದಲ್ಲಿ ಮದುಮಗನ ಸೊಂಟ ಒಂದು ಇಂಚು ಹೆಚ್ಚುವುದನ್ನು ನಾನು ಎಷ್ಟೋ ಸಲ ಕಂಡಿದ್ದೇನೆ. ಅಂದು ತೊಡುವ ಶರ್ಟು, ಶೂ ಹಾಕಿಕೊಂಡೇ ಹೋಗಲಿ. ಕನ್ನಡಿಯ ಮುಂದೆ ಸುಮ್ಮನೆ ನಿಂತರೆ ಸಾಲದು, ಬಲಗೈ ಚಾಚಿ ಎದುರಿಗಿದ್ದವರ ಕೈ ಕುಲುಕಲಿ. ಆರತಕ್ಷತೆಯಲ್ಲಿ ಅವನು ನೂರಾರು ಸಲ ಮಾಡಬೇಕಾದದ್ದು ಅದನ್ನೇ. ಕಂಕುಳನ್ನು ಆಳವಾಗಿ ಕತ್ತರಿಸಿದ್ದರೆ ಕೈ ಎತ್ತಿದಂತೆ ಇಡೀ ಕೋಟು ಮೇಲೆದ್ದು ಕಾಲರ್ ಕಿವಿಯತ್ತ ಸರಿಯುತ್ತದೆ. ಹಾಗಾದರೆ ಅಲ್ಲೇ ಹೇಳಿ. ನೂಲು ಇನ್ನೂ ಕಚ್ಚಾ ಇರುವಾಗ ಅದನ್ನು ತಿದ್ದಲು ಸಾಧ್ಯವಿದೆ.