ಪಾಠ ನಿಲ್ಲಿಸದೆ ಹಳೆಯ ಕಾಲೇಜು ಕಟ್ಟಡದ ದುರಸ್ತಿ

ಪ್ರಶ್ನೆ: ಮಂಗಳೂರಿನಲ್ಲಿರುವ ನಮ್ಮ ಕಾಲೇಜಿನ ಕಟ್ಟಡಕ್ಕೆ ನೂರು ವರ್ಷ ದಾಟಿದೆ. ಕೆಂಪುಕಲ್ಲಿನ ಗೋಡೆ, ಹಂಚಿನ ಮಾಡು. ಮಾಡು ಅಲ್ಲಲ್ಲಿ ಸೋರುತ್ತಿದೆ, ಗೋಡೆಯ ಬುಡದಲ್ಲಿ ಗಾರೆ ಉದುರುತ್ತಿದೆ. ಸಿಮೆಂಟ್ ಗಾರೆ ಮಾಡಿಸುವಂತೆ ಗುತ್ತಿಗೆದಾರರು ಹೇಳುತ್ತಾರೆ. ತರಗತಿಗಳನ್ನು ಸ್ಥಳಾಂತರಿಸಲು ಬೇರೆ ಜಾಗವಿಲ್ಲ. ಏನು ಮಾಡಬಹುದು?
– ಕಟ್ಟಡ ಸಮಿತಿಯ ಸದಸ್ಯರು, ಮಂಗಳೂರು

ಉತ್ತರ: ತರಗತಿ ನಡೆಯುತ್ತಿರುವಾಗಲೇ ದುರಸ್ತಿ ಮಾಡಬಹುದು. ಆದರೆ ಸಿಮೆಂಟಿನ ಆಲೋಚನೆಯನ್ನು ದಯವಿಟ್ಟು ಕೈಬಿಡಿ. ಕೆಂಪುಕಲ್ಲು ನೆಲದ ತೇವವನ್ನು ಹೀರುತ್ತದೆ. ಹಿಂದಿನವರು ಬಳಸಿದ ಸುಣ್ಣದ ಗಾರೆ ಆ ತೇವವನ್ನು ಹೊರಕ್ಕೆ ಬಿಡುತ್ತಿತ್ತು. ಸಿಮೆಂಟ್ ಬಳಿದರೆ ಹೊರದಾರಿ ಮುಚ್ಚಿ, ತೇವವು ಗೋಡೆಯೊಳಗೇ ಮೇಲೇರುತ್ತದೆ, ಅದರೊಂದಿಗೆ ಬಂದ ಲವಣಗಳು ಗಾರೆಯ ಹಿಂದೆ ಹರಳುಗಟ್ಟಿ ಕಲ್ಲನ್ನೇ ಪುಡಿಮಾಡುತ್ತವೆ. ಹಳೆಯ ಶಾಲೆಯೊಂದರಲ್ಲಿ ಅಂಥ ಗೋಡೆಯನ್ನು ಬೆರಳ ಗೆಣ್ಣಿನಿಂದ ತಟ್ಟಿದಾಗ ಟೊಳ್ಳು ಸದ್ದು ಬಂತು. ಉಳಿಯ ತುದಿ ತಾಗಿಸಿದೊಡನೆ ಸಿಮೆಂಟಿನ ಪದರ ಹಾಳೆಯಂತೆ ಕಳಚಿ, ಹಿಂದಿನಿಂದ ಬೊಗಸೆ ತುಂಬ ಕೆಂಪು ಪುಡಿ ಸುರಿಯಿತು. ನೋಡಿ ಸಂಕಟವಾಯಿತು.

ಮೊದಲು ಮಾಡನ್ನು ಸರಿಪಡಿಸಬೇಕು. ಬಾಸೆಲ್ ಮಿಷನ್ ಎಂಬ ಕ್ರೈಸ್ತ ಸಂಸ್ಥೆ 1865ರಲ್ಲಿ ಮಂಗಳೂರಿನ ಜೆಪ್ಪುವಿನಲ್ಲಿ ಹಂಚಿನ ಕಾರ್ಖಾನೆ ತೆರೆದ ಮೇಲೆ ಈ ಊರಿನ ಹೆಸರು ಹೊತ್ತ ಹಂಚು ಬಹಳ ಬಾಳಿಕೆಯದು. ಸೋರಿಕೆಗೆ ಅನೇಕ ಸಲ ಹಂಚಿಗಿಂತ ಕೆಳಗಿನ ರೀಪು (ಹಂಚು ಕೂರುವ ಮರದ ಪಟ್ಟಿ), ಪಕ್ಕಾಸು (ಅದನ್ನು ಹೊರುವ ಇಳಿಜಾರು ಮರ) ಕುಂಬಾಗಿರುವುದೇ, ಅಂದರೆ ಕೊಳೆತು ಟೊಳ್ಳಾಗಿರುವುದೇ ಕಾರಣ. ಆದ್ದರಿಂದ ಹಂಚುಗಳನ್ನು ಇಳಿಸಿ, ತೊಳೆದು, ಗಟ್ಟಿಯಾದವನ್ನು ಮತ್ತೆ ಏರಿಸಿ. ಬೆಳಿಗ್ಗೆ ತೆರೆದಷ್ಟು ಭಾಗವನ್ನು ಸಂಜೆಯೊಳಗೆ ಮುಚ್ಚಲೇಬೇಕು. ಈ ಕೆಲಸಕ್ಕೆ ಡಿಸೆಂಬರಿನಿಂದ ಮಾರ್ಚಿನವರೆಗಿನ ಕಾಲ ಸೂಕ್ತ.

ಬಳಿಕ ಗೋಡೆಗಳು. ವೇಳಾಪಟ್ಟಿಯನ್ನು ಸ್ವಲ್ಪ ಹೊಂದಿಸಿ ಎರಡು ಕೋಣೆಗಳನ್ನು ಖಾಲಿ ಮಾಡಿಕೊಂಡರೆ, ಅವು ಮುಗಿದಂತೆ ಪಕ್ಕದ ಎರಡು ತರಗತಿಗಳನ್ನು ಅಲ್ಲಿಗೆ ಕಳುಹಿಸುತ್ತಾ ಇಡೀ ಕಟ್ಟಡವನ್ನು ಸುತ್ತಿ ಬರಬಹುದು. ಆದರೆ ಸುಣ್ಣದ ಗಾರೆ ಗಾಳಿಯಿಂದ ನಿಧಾನವಾಗಿ ಗಟ್ಟಿಯಾಗುವಂಥದ್ದು. ಪದರ ಪದರಕ್ಕೆ ದಿನಗಳನ್ನು ಕೊಟ್ಟು, ಒದ್ದೆ ಗೋಣಿ ಇಳಿಬಿಟ್ಟು ಬಿಸಿಲಿನಿಂದ ಕಾಯಬೇಕು, ಆತುರಪಟ್ಟರೆ ಬಿರುಕು ಬಿಡುತ್ತದೆ. ಗುತ್ತಿಗೆಯ ಅವಧಿಯನ್ನು ಈ ಲೆಕ್ಕದ ಮೇಲೆಯೇ ನಿಗದಿಪಡಿಸಿ.

ವಿದ್ಯಾರ್ಥಿಗಳ ಸುರಕ್ಷತೆಯಲ್ಲಿ ರಾಜಿ ಬೇಡ. ವರಾಂಡದಲ್ಲಿ ನೆಲದಿಂದ ಮೇಲಿನವರೆಗೂ ಪ್ಲೈವುಡ್ ತಡೆ ಇರಲಿ, ಮೇಲೆ ಹತ್ತುವ ಮೆಟ್ಟಿಲುಸಾಲುಗಳಲ್ಲಿ ಒಂದಾದರೂ ಸದಾ ತೆರೆದಿರಲಿ, ಗಾರೆ ಕೆತ್ತುವ ಕೆಲಸ ತರಗತಿ ಆರಂಭವಾಗುವ ಮೊದಲೇ ಮುಗಿಯಲಿ. ಪರೀಕ್ಷೆಯ ವಾರಗಳಲ್ಲಿ ಸುಣ್ಣ ಕಲಸುವುದು, ಹಂಚು ತೊಳೆಯುವುದು ಮೊದಲಾದ ಸದ್ದಿಲ್ಲದ ಕೆಲಸ ಇಟ್ಟುಕೊಳ್ಳಬಹುದು. ಹೊಸ ವಯರಿಂಗಿಗಾಗಿ ಕಲ್ಲನ್ನು ಕೊರೆಯದೆ ಪೈಪನ್ನು ಗೋಡೆಯ ಮೇಲೆಯೇ ಹಾಯಿಸಿ.

ಟೆಂಡರ್ ಕರೆಯುವ ಮೊದಲು ಒಂದು ಮಳೆಗಾಲವನ್ನು ನೋಡುವುದಕ್ಕೆಂದೇ ಮೀಸಲಿಡಿ. ಆಟಿಯ (ಜುಲೈ–ಆಗಸ್ಟಿನ ತುಳು ತಿಂಗಳು) ಮಳೆ ಸುರಿಯುವಾಗ ಪ್ರತಿ ಕೋಣೆಗೂ ಹೋಗಿ, ಗೋಡೆಯಲ್ಲಿ ತೇವ ಏರಿದ ಎತ್ತರಕ್ಕೆ ಸೀಮೆಸುಣ್ಣದಲ್ಲಿ ಗೆರೆ ಎಳೆದು ದಿನಾಂಕ ಬರೆಯಿರಿ, ಫೋಟೊ ತೆಗೆದಿಡಿ. ಅಂದಾಜುಪಟ್ಟಿಯನ್ನು ಆ ಗೆರೆಗಳನ್ನು ನೋಡಿಯೇ ಸಿದ್ಧಪಡಿಸಿ.