ಜಪಸರದ ಮಧ್ಯೆ ಬಾಗಿಲು ತಟ್ಟಿದರೆ

ಪ್ರಿಯ ಸಹೋದರಿ,

ನಿಮ್ಮ ನಾಲ್ಕು ಪುಟದ ಪತ್ರ ಸಿಕ್ಕಿತು. ಹೆಸರು ಹಾಕಬೇಡಿ ಎಂದಿದ್ದೀರಿ, ಹಾಕುವುದಿಲ್ಲ. ಉಳಿದ ಓದುಗರಿಗೆ ವಿಷಯ ಗೊತ್ತಾಗಲಿ ಎಂದು ಚಿಕ್ಕದಾಗಿ ಹೇಳಿಬಿಡುತ್ತೇನೆ.

ಕೊಡಗಿನ ಕಕ್ಕಡ ತಿಂಗಳ ಮಳೆ ಹೊಡೆಯುತ್ತಿದ್ದ ರಾತ್ರಿ. ಸಿದ್ದಾಪುರದ ಕಡೆಯ ತೋಟದ ಮನೆ. ಎಲ್ಲರೂ ಮೊಣಕಾಲೂರಿ ಜಪಸರ (ಮಣಿ ಎಣಿಸುತ್ತಾ ಐದು ರಹಸ್ಯಗಳನ್ನು ಧ್ಯಾನಿಸುವ ಪ್ರಾರ್ಥನೆ) ಹೇಳುತ್ತಿದ್ದಾಗ, ಮೂರನೇ ರಹಸ್ಯದ ಹೊತ್ತಿಗೆ ಹಿಂಬಾಗಿಲು ತಟ್ಟಿದ ಸದ್ದು. ತೋಟದ ಕೂಲಿಯವರ ಲೈನ್ ಮನೆಯ ಅಸ್ಸಾಂ ಹುಡುಗಿಯ ದನಿ, ಜೊತೆಗೆ ಮಗುವಿನ ಅಳು. ನೀವು ಏಳಲು ಹೋದಿರಿ, ಅತ್ತೆ ಕಣ್ಣಲ್ಲೇ ಬೇಡ ಎಂದರು. ಉಳಿದ ಎರಡು ರಹಸ್ಯ, ಕೊನೆಯ ಹಾಡು ಎಲ್ಲ ಮುಗಿಸಿ ಬಾಗಿಲು ತೆಗೆದರೆ, ಅವಳು ಪ್ಲಾಸ್ಟಿಕ್ ಗೊಬ್ಬರದ ಚೀಲ ಹೊದ್ದುಕೊಂಡು ಅಲ್ಲೇ ನಿಂತಿದ್ದಳು. ಮಗುವಿನ ಮೈ ಕೆಂಡ. ಆಮೇಲೆ ನಿಮ್ಮ ಯಜಮಾನರು ಜೀಪು ತೆಗೆದು ಆಸ್ಪತ್ರೆಗೆ ಕರೆದುಕೊಂಡು ಹೋದರು, ಮಗು ಉಳಿಯಿತು. ಆದರೆ ಅವತ್ತಿನಿಂದ ಮೂರನೇ ರಹಸ್ಯ ಬಂದರೆ ನಿಮಗೆ ಬಾಯಿ ಕಟ್ಟುತ್ತದೆ. "ನಾನು ಮಾಡಿದ್ದು ತಪ್ಪಾ? ದೇವರ ಕೆಲಸ ಅರ್ಧಕ್ಕೆ ಬಿಡಬಹುದಾ?" ಎಂದು ಕೇಳಿದ್ದೀರಿ.

ಏಳಬೇಕಿತ್ತು. ಸುತ್ತಿ ಬಳಸಿ ಹೇಳಿದರೆ ನಿಮಗೆ ಸಮಾಧಾನ ಆಗುವುದಿಲ್ಲ, ಅದಕ್ಕೇ ನೇರವಾಗಿ ಹೇಳುತ್ತಿದ್ದೇನೆ.

ಸಹೋದರನ ಮನಸ್ಸಿನಲ್ಲಿ ನಿನ್ನ ಮೇಲೆ ನೋವಿದ್ದರೆ ಕಾಣಿಕೆಯನ್ನು ಬಲಿಪೀಠದ ಮುಂದೆಯೇ ಬಿಟ್ಟು ಮೊದಲು ಅವನ ಹತ್ತಿರ ಹೋಗು ಎಂದವರು ಯೇಸುಸ್ವಾಮಿ (ಮತ್ತಾಯ 5). ಕಾಣಿಕೆಯೇ ಕಾಯಬಹುದಾದರೆ ಜಪಸರ ಕಾಯುವುದಿಲ್ವಾ? 1633ರಲ್ಲಿ ಬಡವರ ಸೇವೆಗೆ ಸಹೋದರಿಯರ ಸಂಘ ಕಟ್ಟಿದ ಸಂತ ವಿನ್ಸೆಂಟ್ ದೆ ಪೌಲರೂ ಅವರಿಗೆ ಹೇಳುತ್ತಿದ್ದದ್ದು ಇದನ್ನೇ. ಪ್ರಾರ್ಥನೆಯ ಹೊತ್ತಿಗೆ ಬಡವರು ಕರೆದರೆ ಎದ್ದು ಹೋಗಿ, ದೇವರನ್ನು ಬಿಟ್ಟು ದೇವರ ಹತ್ತಿರವೇ ಹೋದ ಹಾಗೆ ಅಂತ.

ಒಳ್ಳೆಯ ಸಮಾರಿಯದವನ ಕಥೆ ನಿಮಗೆ ಬಾಯಿಪಾಠ ಇರುತ್ತದೆ. ಜೆರುಸಲೇಮಿನಿಂದ ಜೆರಿಕೊಗೆ ಇಳಿಯುವ ದಾರಿ ಅದು, ನಾವು ಮಡಿಕೇರಿಯಿಂದ ಸಂಪಾಜೆ ಘಾಟಿ ಇಳಿದ ಹಾಗೆ, ಆದರೆ ಮರವಿಲ್ಲ, ಬರೀ ಬಂಡೆ, ಕಳ್ಳರ ಕಾಟ. ಅಲ್ಲಿ ಬಿದ್ದವನನ್ನು ನೋಡಿ ದೇವಾಲಯದ ಯಾಜಕ ದಾಟಿಕೊಂಡು ಹೋದ, ದೇವಾಲಯದ ಸೇವಕನಾದ ಲೇವಿಯೂ ಹೋದ. ಸಮಾರಿಯದವನಿಗೆ ಕನಿಕರ ಹುಟ್ಟಿತು. ಆ 'ಕನಿಕರ'ಕ್ಕೆ ಗ್ರೀಕ್ ಮೂಲದಲ್ಲಿರುವ ಮಾತು ಕರುಳು ಎಂಬ ಪದದಿಂದ ಬಂದದ್ದು. ನಮ್ಮ ಅಜ್ಜಿಯಂದಿರು ಕರುಳು ಚುರುಕ್ ಅಂತು ಎನ್ನುತ್ತಾರಲ್ಲ, ಸಾಕ್ಷಾತ್ ಅದೇ. ಮಗುವಿನ ಅಳು ಕೇಳಿದಾಗ ನಿಮಗೂ ಚುರುಕ್ ಎಂದಿದೆ, ಇಲ್ಲದಿದ್ದರೆ ಏಳಲು ಹೋಗುತ್ತಿರಲಿಲ್ಲ. ಈಗ ಬಾಯಿ ಕಟ್ಟುವುದೂ ಅದೇ ಕರುಳಿನಿಂದ. ಅದನ್ನು ದೇವರ ಶಿಕ್ಷೆ ಅಂದುಕೊಳ್ಳಬೇಡಿ.

ಅತ್ತೆಯವರ ಮೇಲೆ ಕೋಪ ಬೇಡ. ಅವರ ಕಾಲದಲ್ಲಿ ಜಪಸರದ ಮಧ್ಯೆ ಮಕ್ಕಳು ಕೆಮ್ಮಿದರೂ ಬೈಗುಳ ಬೀಳುತ್ತಿತ್ತು, ಆ ಭಯಭಕ್ತಿಯೇ ನಿಮ್ಮ ಮನೆಯಲ್ಲಿ ಪ್ರಾರ್ಥನೆ ಉಳಿಸಿದೆ. ಅವರಿಗೆ ಒಂದು ವಿಷಯ ನೆನಪಿಸಿ. ವಿರಾಜಪೇಟೆಯ ಸಂತ ಅನ್ನಮ್ಮನವರ ಚರ್ಚ್ 1792ರದ್ದು. ಟಿಪ್ಪುವಿನ ಸೆರೆಯಿಂದ ತಪ್ಪಿಸಿಕೊಂಡು ಬರಿಗೈಯಲ್ಲಿ ಬಂದ ನಮ್ಮ ಕ್ರೈಸ್ತ ಹಿರಿಯರಿಗೆ ಜಾಗ ಕೊಟ್ಟವನು ಕೊಡಗಿನ ರಾಜ ದೊಡ್ಡ ವೀರರಾಜೇಂದ್ರ. ಅವನು ನಮ್ಮ ಧರ್ಮದವನಲ್ಲ. ಯಾರು ನೀವು, ಪೂಜೆ ಮುಗಿಯಲಿ, ಆಮೇಲೆ ಬನ್ನಿ ಎಂದಿದ್ದರೆ?

ನನ್ನದೂ ಒಂದು ಹೇಳಿಬಿಡುತ್ತೇನೆ. ಮರ ಕಪಾತು ಮಾಡುತ್ತಿದ್ದ ಮುದುಕರೊಬ್ಬರು ಶನಿವಾರ ಸಂಜೆ ಅಡ್ವಾನ್ಸ್ ಕೇಳಿಕೊಂಡು ಬಂದಿದ್ದರು. ನಾನು ನಮ್ಮ ಪತ್ರಿಕೆಯ ತಪಸ್ಸುಕಾಲದ (ಈಸ್ಟರ್‌ಗೆ ಮೊದಲಿನ ಉಪವಾಸದ ದಿನಗಳ) ಸಂಚಿಕೆಗೆ ದಯೆಯ ಬಗ್ಗೆಯೇ ಬರೆಯುತ್ತಾ ಕೂತಿದ್ದೆ. ಸೋಮವಾರ ಬನ್ನಿ ಎಂದೆ. ಅವರು ಮತ್ತೆ ಬರಲಿಲ್ಲ. ಔಷಧಿಗೆ ಕೇಳಿದ್ದರಂತೆ, ಆಮೇಲೆ ಗೊತ್ತಾಯಿತು. ಆ ಲೇಖನ ಅಚ್ಚಾಯಿತು, ತುಂಬ ಜನ ಮೆಚ್ಚಿದರು. ನನಗೆ ಇವತ್ತಿಗೂ ಅದನ್ನು ತೆಗೆದು ಓದಲು ಆಗುವುದಿಲ್ಲ.

ಕೊನೆಗೆ ಒಂದು ಮಾತು. ಪತ್ರದ ತುಂಬ 'ಆ ಅಸ್ಸಾಂ ಹುಡುಗಿ' ಎಂದೇ ಇದೆ. ಎರಡು ವರ್ಷದಿಂದ ನಿಮ್ಮ ತೋಟದಲ್ಲಿದ್ದಾಳೆ ಅಂತಲೂ ಬರೆದಿದ್ದೀರಿ. ಪಾಪನಿವೇದನೆಗೆ ಖಂಡಿತ ಹೋಗಿ, ಆದರೆ ಅದಕ್ಕೆ ಮೊದಲು ಲೈನಿಗೆ ಹೋಗಿ ಅವಳ ಹೆಸರು ಕೇಳಿ, ಅವತ್ತು ಕಾಯಿಸಿದ್ದು ತಪ್ಪಾಯ್ತು ಅನ್ನಿ. ಸುಮ್ನೆ ಅಷ್ಟೇ. ಅವಳಿಗೆ ಕನ್ನಡ ಜಾಸ್ತಿ ಬರಲಿಕ್ಕಿಲ್ಲ, ಅರ್ಥವಾಗುತ್ತದೆ.

ಮುಂದಿನ ಪತ್ರದಲ್ಲಿ ಮಗು ಹೇಗಿದೆ ಅಂತ ಬರೆಯಿರಿ. ಹೆಸರನ್ನೂ.

– ಸಂಪಾದಕ