ಕಾಸ್ಮಿಕ್ ಕಿರಣಗಳು ಯಾವ ಶಕ್ತಿಯಿಂದ ಮೇಲೆ ಗ್ಯಾಲಕ್ಸಿಯ ಹೊರಗಿನವು?

ಯಾವ ಶಕ್ತಿ ದಾಟಿದ ಮೇಲೆ ಕಾಸ್ಮಿಕ್ ಕಿರಣಗಳು ನಮ್ಮ ಆಕಾಶಗಂಗೆಯವಲ್ಲ, ಹೊರಗಿನವು ಅಂತ ಹೇಳಬಹುದು ಎಂದು ಕೇಳಿದ್ದೀರಿ. ಅದಕ್ಕೆ ಒಂದೇ ಸಂಖ್ಯೆ ಇಲ್ಲ. ಸುಮಾರು 100 ಪಿಇವಿಯಿಂದ 5000 ಪಿಇವಿವರೆಗೆ ಎರಡೂ ಕಡೆಯವು ಬೆರೆತು ಬರುತ್ತವೆ ಅನ್ನುವುದೇ ನನಗೆ ಸರಿ ಅನಿಸುತ್ತದೆ. ಪಿಇವಿ ಅನ್ನುವುದು ಕಣದ ಶಕ್ತಿಯ ಅಳತೆ: 1 ಪಿಇವಿ ಅಂದರೆ 1ರ ಮುಂದೆ 15 ಸೊನ್ನೆ ಹಾಕಿದಷ್ಟು ಎಲೆಕ್ಟ್ರಾನ್ ವೋಲ್ಟ್.

ಕಾಸ್ಮಿಕ್ ಕಿರಣಗಳು ಅಂದರೆ ಬಾಹ್ಯಾಕಾಶದಿಂದ ಭೂಮಿಗೆ ಬಂದು ಬಡಿಯುವ ಕಣಗಳು. ಇವು ಹೆಚ್ಚಾಗಿ ಪ್ರೋಟಾನ್‌ಗಳು, ಜೊತೆಗೆ ಹೀಲಿಯಂನಿಂದ ಕಬ್ಬಿಣದವರೆಗಿನ ನ್ಯೂಕ್ಲಿಯಸ್‌ಗಳು. ಚಾರ್ಜ್ ಇರುವುದರಿಂದ ಗ್ಯಾಲಕ್ಸಿಯ ಕಾಂತಕ್ಷೇತ್ರದಲ್ಲಿ ಬಾಗುತ್ತವೆ. 1 ಪಿಇವಿ ಪ್ರೋಟಾನ್ ತಿರುಗುವ ವೃತ್ತದ ತ್ರಿಜ್ಯ ಹೆಚ್ಚುಕಡಿಮೆ 1 ಜ್ಯೋತಿರ್ವರ್ಷ. 1000 ಪಿಇವಿಗೆ ಅದು ಸಾವಿರ ಜ್ಯೋತಿರ್ವರ್ಷ ಆಗುತ್ತದೆ, ಗ್ಯಾಲಕ್ಸಿಯ ತಟ್ಟೆಯ ದಪ್ಪವೇ ಸುಮಾರು ಅಷ್ಟು! ಅಂಥದ್ದನ್ನು ಒಳಗೆ ಹಿಡಿದಿಡುವುದು ಕಷ್ಟ, ಅಲ್ವಾ?

ಶಕ್ತಿ ಹೆಚ್ಚಿದಂತೆ ಕಿರಣಗಳ ಸಂಖ್ಯೆ ಇಳಿಯುತ್ತಾ ಹೋಗುತ್ತದೆ. ಸುಮಾರು 3 ಪಿಇವಿಯಲ್ಲಿ ಆ ಇಳಿಕೆ ಇನ್ನೂ ಕಡಿದಾಗುತ್ತದೆ. ಇದಕ್ಕೆ ಮೊಣಕಾಲು ಅಂತ ಹೆಸರು, 1958ರಲ್ಲೇ ಗೊತ್ತಾದದ್ದು. ವೇಗ ಕೊಡುವುದೂ ಹಿಡಿದಿಡುವುದೂ ಚಾರ್ಜ್ ಮೇಲೆ ನಿಂತಿರುವುದರಿಂದ, ಪ್ರೋಟಾನ್ 3 ಪಿಇವಿಗೆ ಸೋತರೆ ಚಾರ್ಜ್ 26 ಇರುವ ಕಬ್ಬಿಣ 26 ಪಟ್ಟು ಮೇಲೆ ಸೋಲಬೇಕು. ಗುಣಿಸಿ ನೋಡಿ, 78 ಬರುತ್ತದೆ. ಕಾಸ್ಮಿಕ್ ಕಿರಣ ಗಾಳಿಗೆ ಬಡಿದಾಗ ಸಣ್ಣ ಕಣಗಳ ಮಳೆಯೇ ಆಗುತ್ತದೆ. ಜರ್ಮನಿಯ ಕಾರ್ಲ್ಸ್‌ರೂಹೆಯಲ್ಲಿದ್ದ ಕಾಸ್ಕೇಡ್-ಗ್ರಾಂಡೆ ಪ್ರಯೋಗ ಹಾಗೆ ನೆಲಕ್ಕೆ ಬೀಳುವ ಎಲೆಕ್ಟ್ರಾನ್‌ಗಳನ್ನೂ, ಎಲೆಕ್ಟ್ರಾನ್‌ನ ಭಾರದ ಬಂಧುಗಳಾದ ಮ್ಯೂಯಾನ್‌ಗಳನ್ನೂ ಬೇರೆ ಬೇರೆ ಎಣಿಸಿತು. ಭಾರದ ನ್ಯೂಕ್ಲಿಯಸ್ ಬಂದರೆ ಮ್ಯೂಯಾನ್ ಜಾಸ್ತಿ. 2011ರಲ್ಲಿ ಅವರು ಪ್ರಕಟಿಸಿದ ಭಾರದ ಕಣಗಳ ಬಾಗು ಎಲ್ಲಿತ್ತು ಗೊತ್ತಾ? ಸುಮಾರು 80 ಪಿಇವಿಯಲ್ಲಿ. ಈ ಹೊಂದಾಣಿಕೆ ನನಗೆ ಇವತ್ತಿಗೂ ಖುಷಿ ಕೊಡುತ್ತದೆ. 2013ರಲ್ಲಿ ಅವರೇ ಇನ್ನೊಂದು ಹೇಳಿದರು: 120 ಪಿಇವಿ ಆಸುಪಾಸಿನಿಂದ ಹಗುರ ಕಣಗಳ ಇಳಿಕೆ ಸ್ವಲ್ಪ ನಿಧಾನವಾಗುತ್ತದೆ. ಹೊರಗಿನವು ತಲೆ ಎತ್ತುವುದು ಇಲ್ಲೇ ಇರಬಹುದು.

5000 ಪಿಇವಿ ಹತ್ತಿರ ಇಳಿಜಾರು ಮತ್ತೆ ಸಡಿಲಾಗುತ್ತದೆ. ಅದು ಕಣಕಾಲು. ಗಡಿ ಅಲ್ಲೇ ಇದೆ ಅಂತ ಬಹಳ ಕಾಲ ನಂಬಿದ್ದರು. ನಾನು ಒಪ್ಪುವುದಿಲ್ಲ, ಕಾರಣ ಹೇಳುತ್ತೇನೆ. ಅರ್ಜೆಂಟೀನಾದ ಪಿಯರ್ ಓಝೆ ವೀಕ್ಷಣಾಲಯ 3000 ಚದರ ಕಿಲೋಮೀಟರ್ ತುಂಬ ನೀರಿನ ತೊಟ್ಟಿಗಳನ್ನು ಇಟ್ಟು ಆ ಕಣಗಳ ಮಳೆಗೆ ಕಾಯುತ್ತದೆ. ಅದರ ಅಳತೆ ಪ್ರಕಾರ 1000ದಿಂದ 3000 ಪಿಇವಿ ನಡುವೆ ಬರುವವು ಬಹುಪಾಲು ಹಗುರ ಕಣಗಳು. ಚಾರ್ಜ್ ಕಡಿಮೆ ಇರುವುದರಿಂದ ಅವು ಅಷ್ಟೊಂದು ಬಾಗುವುದಿಲ್ಲ. ನಮ್ಮ ಗ್ಯಾಲಕ್ಸಿಯವೇ ಆಗಿದ್ದರೆ ತಟ್ಟೆಯ ದಿಕ್ಕಿನಿಂದ ಎದ್ದುಕಾಣುವಷ್ಟು ಹೆಚ್ಚು ಬರಬೇಕಿತ್ತು. ಹಾಗೆ ಬರುತ್ತಿಲ್ಲ. ಅಂದರೆ ಕಣಕಾಲಿಗಿಂತ ಕೆಳಗೇ ಹೊರಗಿನವು ಸೇರಿಕೊಂಡಿವೆ.

8000 ಪಿಇವಿ ಮೇಲೆ ಅನುಮಾನವೇ ಬೇಡ. 2017ರಲ್ಲಿ ಅದೇ ವೀಕ್ಷಣಾಲಯ ಆಕಾಶದ ಒಂದು ಬದಿಯಿಂದ ಸುಮಾರು 6.5 ಶೇಕಡಾ ಹೆಚ್ಚು ಬರುತ್ತದೆ ಅಂತ ತೋರಿಸಿತು. ಆ ದಿಕ್ಕು ಗ್ಯಾಲಕ್ಸಿಯ ಕೇಂದ್ರದಿಂದ ಸುಮಾರು 125 ಡಿಗ್ರಿ ದೂರ. ನಮ್ಮವೇ ಆಗಿದ್ದರೆ ಕೇಂದ್ರದ ಕಡೆಯಿಂದ ಹೆಚ್ಚು ಬರಬೇಕಿತ್ತು.

ಇನ್ನೂ ಬಗೆಹರಿಯದ್ದು 100ರಿಂದ 1000 ಪಿಇವಿ ನಡುವಿನ ಜಾಗ. ನಮ್ಮ ಗ್ಯಾಲಕ್ಸಿಯ ಕಿರಣಗಳಿಗೆ ಮೂಲ ಅಂತ ಸಾಮಾನ್ಯವಾಗಿ ಹೇಳುವುದು ಸೂಪರ್‌ನೋವಾ ಅವಶೇಷಗಳನ್ನು, ಅಂದರೆ ಸಿಡಿದ ನಕ್ಷತ್ರಗಳು ಬಿಟ್ಟುಹೋದದ್ದನ್ನು. ಅಲ್ಲಿಂದ ಬರುವ ಕಬ್ಬಿಣ 80 ಪಿಇವಿಗೇ ಸುಸ್ತಾದರೆ ಈ ನಡುವಿನ ಜಾಗದಲ್ಲಿ ಕಾಣುವ ಭಾರದ ಕಣಗಳು ಎಲ್ಲಿಯವು? ನಮ್ಮ ಗ್ಯಾಲಕ್ಸಿಯಲ್ಲೇ ಇನ್ನೂ ಬಲಶಾಲಿಯಾದ ಎರಡನೇ ಬಗೆಯ ಮೂಲ ಇದೆ ಅನ್ನುವವರ ಪಕ್ಷ ನನ್ನದು. ಓಝೆಯ ತೊಟ್ಟಿಗಳ ಮೇಲೆ ಈಗ ಸಿಂಟಿಲೇಟರ್ ಹಲಗೆಗಳನ್ನೂ (ಕಣ ಹಾದುಹೋದಾಗ ಮಿನುಗುವಂಥವು) ಕೂರಿಸಿದ್ದಾರೆ. ಅದರಿಂದ ಎಲೆಕ್ಟ್ರಾನ್, ಮ್ಯೂಯಾನ್ ಪಾಲು ಅಲ್ಲೂ ಬೇರೆಯಾಗಿ ಸಿಗುತ್ತದೆ.